ಹೊಸ್ತಿಲಿಲ್ಲದ ಬಾಗಿಲು

"ಗುರುಗಳೇ, ತಿಳಿದವರು ಹತ್ತು ಜನ ಬೇಡವೆಂದ ಮೇಲೂ ಒಬ್ಬರು ಬೇಕೇ ಬೇಕೆಂದು ಕೂತರೆ ಅದು ಹಟವಲ್ಲವೇ?" ಎಂದು ಶಿಷ್ಯ ಕೇಳಿದ.

ಅವನು ಅಂದು ಪಕ್ಕದ ಊರಿನ ಪಂಚಾಯಿತಿಗೆ ಹೋಗಿ ಬಂದಿದ್ದ. ಅಲ್ಲಿ ಒಬ್ಬ ಮುದುಕಿ ಯಾರ ಮಾತಿಗೂ ಬಗ್ಗಿರಲಿಲ್ಲ. ಆ ಸಿಟ್ಟು ಇನ್ನೂ ಅವನ ದನಿಯಲ್ಲಿತ್ತು.

ಗುರುಗಳು ಕೂರಲು ಹೇಳಿದರು. ಅವನು ಕೂತ ಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬಡಿಗನಿದ್ದ. ಹೆಸರು ಮೌನಪ್ಪ. ಎತ್ತಿನ ಗಾಡಿ ಮಾಡುವುದು ಅವನ ಕೆಲಸ. ಹೆಂಡತಿ ತೀರಿಹೋಗಿದ್ದಳು. ಇದ್ದದ್ದು ಒಬ್ಬಳೇ ಮಗಳು, ಶಂಕ್ರವ್ವ. ಆರು ವರ್ಷದವಳಿದ್ದಾಗ ಜ್ವರ ಬಂದು ಅವಳ ಎರಡೂ ಕಾಲುಗಳ ಶಕ್ತಿ ಹೋಯಿತು. ಆಮೇಲೆ ಅವಳು ನಿಂತದ್ದಿಲ್ಲ. ಮನೆಯೊಳಗೆ ಕೈಯೂರಿ ತೆವಳುತ್ತಿದ್ದಳು. ಸ್ವಲ್ಪ ದೊಡ್ಡವಳಾದ ಮೇಲೆ ಅಪ್ಪ ಒಂದು ಹಲಗೆಗೆ ನಾಲ್ಕು ಸಣ್ಣ ಗಾಲಿ ಜೋಡಿಸಿ ಕೊಟ್ಟ. ಎರಡು ಕೈಯಲ್ಲಿ ಎರಡು ಮರದ ತುಂಡು ಹಿಡಿದು ನೆಲವನ್ನು ಒತ್ತಿದರೆ ಹಲಗೆ ಮುಂದೆ ಹೋಗುತ್ತಿತ್ತು. ಮನೆಯ ನೆಲ ಎಲ್ಲಿ ತಗ್ಗು, ಎಲ್ಲಿ ಉಬ್ಬು ಎಂಬುದು ಅವಳ ಅಂಗೈಗೆ ಗೊತ್ತಿತ್ತು.

ಶಂಕ್ರವ್ವ ಕೌದಿ ಹೊಲಿಯುತ್ತಿದ್ದಳು. ಹಳೆಯ ಸೀರೆ, ಧೋತರದ ತುಂಡುಗಳನ್ನು ಒಂದರ ಮೇಲೊಂದು ಹಾಸಿ ಹೊಲಿದು ಹೊದಿಕೆ ಮಾಡುವ ಕೆಲಸ ಅದು. ಬೀದಿಯ ಆಚೆ ಬದಿಯಲ್ಲಿ ಒಂದು ಕಟ್ಟೆ ಇತ್ತು. ಓಣಿಯ ಹೆಂಗಸರು ಅಲ್ಲಿ ಕೂತು ಹೊಲಿಯುತ್ತಿದ್ದರು. ದಿನವೂ ಬೆಳಿಗ್ಗೆ ಮೌನಪ್ಪ ಮಗಳನ್ನು ಎತ್ತಿಕೊಂಡು ಮನೆ ಮುಂದಿನ ನಾಲ್ಕು ಮೆಟ್ಟಿಲು ಇಳಿದು, ಬೀದಿ ದಾಟಿ, ಕಟ್ಟೆಯ ಮೇಲೆ ಕೂರಿಸುತ್ತಿದ್ದ. ಸಂಜೆ ಹೋಗಿ ಎತ್ತಿಕೊಂಡು ಬರುತ್ತಿದ್ದ. ಹದಿನಾರು ವರ್ಷ ಹಾಗೆಯೇ ನಡೆಯಿತು.

ಒಂದು ದಿನ ಅವನ ಕಾಲು ಮೂರನೆಯ ಮೆಟ್ಟಿಲಲ್ಲಿ ಜಾರಿತು. ಮಗಳಿಗೆ ಪೆಟ್ಟಾಗಬಾರದೆಂದು ಅವನು ತಾನು ಕೆಳಗಾದ. ಹೆಗಲ ಮೂಳೆ ಮುರಿಯಿತು. ಕೂಡಿಕೊಂಡಿತು, ಆದರೆ ಸೊಟ್ಟಗೆ ಕೂಡಿಕೊಂಡಿತು. ಬಲಗೈ ಎದೆಗಿಂತ ಮೇಲೆ ಏಳಲಿಲ್ಲ. ಮಗಳನ್ನು ಎತ್ತುವುದು ಅಲ್ಲಿಗೆ ಮುಗಿಯಿತು.

ಮೌನಪ್ಪನಿಗೆ ಒಬ್ಬ ಅಣ್ಣನಿದ್ದ, ಕಾಳಪ್ಪ. ಎರಡೂ ಮನೆಗಳ ನಡುವೆ ಒಂದೇ ಗೋಡೆ. ಕಾಳಪ್ಪ ಆಯ ನೋಡುವವನು. ಮನೆ ಎಷ್ಟು ಉದ್ದ, ಎಷ್ಟು ಅಗಲ ಇರಬೇಕು, ಬಾಗಿಲು ಎಲ್ಲಿ ಕೂರಬೇಕು ಎಂದು ಲೆಕ್ಕ ಹಾಕಿ ಹೇಳುವುದಕ್ಕೆ ಹಾಗೆನ್ನುತ್ತಾರೆ. ಅವನು ಅಳತೆ ಕೊಡದೆ ಆ ಸೀಮೆಯಲ್ಲಿ ಯಾರೂ ಬುನಾದಿ ಅಗೆಯುತ್ತಿರಲಿಲ್ಲ. ತಮ್ಮನಿಗೆ ಹೀಗಾದಾಗ ಅವನು ತನ್ನ ಇಬ್ಬರು ಗಂಡುಮಕ್ಕಳನ್ನು ಕರೆದು, ತಂಗಿಯನ್ನು ಇನ್ನು ಮೇಲೆ ನೀವು ಹೊತ್ತುಕೊಂಡು ಹೋಗಬೇಕು ಎಂದು ಹೇಳಿದ. ಅವರು ಒಪ್ಪಿದರು. ಒಂದು ತಿಂಗಳು ಹೊತ್ತಿಗೆ ಸರಿಯಾಗಿ ಬಂದರು. ಆಮೇಲೆ ಬಿತ್ತನೆಯ ಕೆಲಸ ಬಂತು. ಒಮ್ಮೆ ಒಬ್ಬನಿಲ್ಲ, ಒಮ್ಮೆ ಇಬ್ಬರೂ ಇಲ್ಲ. ಶಂಕ್ರವ್ವ ಬಟ್ಟೆಯ ಗಂಟು ತೊಡೆಯ ಮೇಲಿಟ್ಟುಕೊಂಡು ಒಳಬಾಗಿಲಲ್ಲಿ ಕಾಯುತ್ತಿದ್ದಳು. ಕೆಲವು ದಿನ ಮಧ್ಯಾಹ್ನದವರೆಗೆ ಕಾದಳು. ಅವರು ಕೆಟ್ಟವರಲ್ಲ. ಬಂದಾಗ ನಗುನಗುತ್ತಲೇ ಎತ್ತಿಕೊಳ್ಳುತ್ತಿದ್ದರು.

ಒಂದು ದಿನ ಅವಳು ಗಂಟನ್ನು ಒಳಗಿಟ್ಟಳು. ಇನ್ನು ಅವರನ್ನು ಕರೆಯಬೇಡ ಎಂದು ಅಪ್ಪನಿಗೆ ಹೇಳಿದಳು. ಆಮೇಲೆ ಎಂಟು ತಿಂಗಳು ಅವಳು ಹೊರಗಿನ ಬೆಳಕು ಕಂಡದ್ದು, ಒಂದು ದಿನ ಬಿಟ್ಟರೆ, ಅಡಿಗೆಮನೆಯ ಒಂದೇ ಕಿಟಕಿಯಲ್ಲಿ.

ಆ ಎಂಟು ತಿಂಗಳಲ್ಲಿ ಮೌನಪ್ಪ ಸುಮ್ಮನೆ ಕೂರಲಿಲ್ಲ. ಒಂದು ದಿನ ಮೆಟ್ಟಿಲಿನ ಮೇಲೆ ಎರಡು ಹಲಗೆ ಹಾಸಿ ಇಳಿಜಾರು ಮಾಡಿ ನೋಡಿದ. ಶಂಕ್ರವ್ವ ಹಲಗೆಬಂಡಿಯಲ್ಲಿ ಕೂತು ಕೈ ಬಿಟ್ಟಳು. ಬಂಡಿ ಹಾರಿಹೋಗಿ ಬೀದಿ ದಾಟಿ ಎದುರಿನ ಕಟ್ಟೆಗೆ ಬಡಿಯಿತು. ಮೊಣಕೈಯ ಚರ್ಮ ಕಿತ್ತುಬಂತು. ಓಡಿಬಂದ ಹೆಂಗಸರು ಮೌನಪ್ಪನನ್ನು ಬೈದರು. ಅವಳು ನೆಲದ ಮೇಲೆ ಕೂತೇ ಮನೆಯ ಬಾಗಿಲನ್ನೂ ಬೀದಿಯನ್ನೂ ನೋಡಿದಳು. ಇಳಿಯಬೇಕಾದದ್ದು ಎರಡು ಮೊಳ, ಇಳಿಯಲು ಇರುವ ಜಾಗ ಆರು ಮೊಳ, ಇದು ಆಗುವುದಿಲ್ಲ, ಉದ್ದ ಬೇಕು ಎಂದಳು.

ಅವಳ ತಲೆಯಲ್ಲಿ ಆ ಉದ್ದವೇ ಕೂತಿತು. ಮನೆಯ ಬಲಬದಿಗೆ ಒಂದು ಪಟ್ಟಿ ಜಾಗವಿತ್ತು. ಹದಿನಾರು ಮೊಳ ಉದ್ದ, ಏಳು ಮೊಳ ಅಗಲ. ಮೌನಪ್ಪ ಅಲ್ಲಿ ಮರದ ದಿಮ್ಮಿ ಒಟ್ಟುತ್ತಿದ್ದ. ಅಲ್ಲಿನ ನೆಲ ಬೀದಿಯ ಸಮಕ್ಕಿತ್ತು. ಒಂದು ದಿನ ಅವಳು ಇದ್ದಲು ತೆಗೆದುಕೊಂಡು ನಡುಮನೆಯ ನೆಲದ ಮೇಲೆ ಗೆರೆ ಎಳೆದಳು. ಆ ಜಾಗದಲ್ಲಿ ಒಂದು ಕೋಣೆ. ಅದರ ನೆಲ ಮನೆಯಷ್ಟು ಎತ್ತರಕ್ಕೆ ಬೇಡ, ಬೀದಿಯ ಮಟ್ಟಕ್ಕೇ ಇರಲಿ. ಹಳೆಯ ಮನೆಯ ಗೋಡೆಯನ್ನು ಹಿಂದಿನ ತುದಿಯಲ್ಲಿ ಒಡೆದು ದಾರಿ ಮಾಡುವುದು. ಅಲ್ಲಿಂದ ಗೋಡೆಗೆ ಅಂಟಿಕೊಂಡು ಒಂದು ಇಳಿಜಾರು, ಕೋಣೆಯ ಉದ್ದಕ್ಕೂ, ನಿಧಾನವಾಗಿ ಮುಂಬಾಗಿಲವರೆಗೆ. ಗೋಡೆಗೆ ಕಬ್ಬಿಣದ ಬಳೆ ಹೊಡೆದು ಹಗ್ಗ ಕಟ್ಟಿದರೆ ಇಳಿಯುವಾಗ ತಡೆದು ಹಿಡಿಯಬಹುದು, ಹತ್ತುವಾಗ ಎಳೆದುಕೊಳ್ಳಬಹುದು. ಹೊರಗೆ ಸಿಗದ ಉದ್ದ ಒಳಗೆ ಸಿಕ್ಕಿತು. ಉಳಿದ ಅಗಲದಲ್ಲಿ ಅವಳು ಕೂತು ಹೊಲಿಯುವಳು. ಬಾಗಿಲು ತೆರೆದರೆ ಬೀದಿ.

ಮೌನಪ್ಪ ಆ ಗೆರೆಗಳ ಸುತ್ತ ಎರಡು ಸಲ ನಡೆದ. ಗಾಡಿ ಮಾಡುವವನಿಗೆ ಇಳಿಜಾರು ತಿಳಿಯುತ್ತದೆ. ಇದು ಆಗುತ್ತದೆ ಎಂದ. ಆದರೆ ಅಣ್ಣನನ್ನು ಕೇಳದೆ ಅವನು ಒಂದು ಗೂಟವನ್ನೂ ನೆಟ್ಟವನಲ್ಲ. ಹೋಗಿ ಕರೆತಂದ.

ಕಾಳಪ್ಪ ಗೆರೆಗಳನ್ನು ಬಹಳ ಹೊತ್ತು ನೋಡಿದ. ಅವನು ನಕ್ಕು ತಳ್ಳಿಹಾಕಲಿಲ್ಲ, ಕಸುಬಿನವನಾಗಿಯೇ ನೋಡಿದ. ಮನೆಯ ನೆಲಕ್ಕಿಂತ ತಗ್ಗಿನ ಕೋಣೆ ಮನೆಗೆ ಒಳ್ಳೆಯದಲ್ಲ ಎಂದ. ಮನೆಯೊಳಗೆ ಇಳಿಜಾರು ಇರಬಾರದು, ಇದ್ದದ್ದೆಲ್ಲ ಹರಿದುಹೋಗುತ್ತದೆ ಎಂದ. ಆಮೇಲೆ ಬಾಗಿಲಿನ ಗೆರೆಯ ಹತ್ತಿರ ಕೂತು, ಇಲ್ಲಿ ಹೊಸ್ತಿಲು ಎಲ್ಲಿ ಎಂದು ಕೇಳಿದ. ಹೊಸ್ತಿಲಿಲ್ಲ ಎಂದು ಶಂಕ್ರವ್ವ ಹೇಳಿದಳು.

"ಹೊಸ್ತಿಲಿಲ್ಲದ ಬಾಗಿಲಿಗೆ ಲಕ್ಷ್ಮಿ ಬರುವುದಿಲ್ಲ, ತಂಗಿ. ನನ್ನ ವಂಶದಲ್ಲಿ ಯಾರೂ ಅಂಥ ಬಾಗಿಲು ಕೂರಿಸಿಲ್ಲ."

"ಲಕ್ಷ್ಮಿಗೆ ಕಾಲಿವೆ, ದೊಡ್ಡಪ್ಪ. ಅವಳು ಹಳೆಯ ಬಾಗಿಲಿಂದ ಬರಲಿ. ಇದು ನನಗೆ."

ಕಾಳಪ್ಪನಿಗೆ ಮುಖಕ್ಕೆ ಹೊಡೆದಂತಾಯಿತು. ಅವನು ಎದ್ದ. ಈ ಕೋಣೆಗೆ ತಾನು ಅಳತೆ ಕೊಡುವುದಿಲ್ಲ, ತಾನು ಅಳತೆ ಕೊಡದ ಮನೆಯ ಪ್ರವೇಶಕ್ಕೆ ಕುಲದವರು ಯಾರೂ ಬರುವುದಿಲ್ಲ ಎಂದು ತಮ್ಮನಿಗೆ ಹೇಳಿ ಹೋದ.

ಮೌನಪ್ಪ ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಅವನಿಗೆ ಅಣ್ಣನೂ ಬೇಕಿತ್ತು, ಮಗಳೂ ಬೇಕಿತ್ತು. ಮೂರನೆಯ ದಿನ ಮಗಳ ಹತ್ತಿರ ಬಂದು ಕೂತ. ಎತ್ತರದ ಹೊಸ್ತಿಲು ಬೇಡ, ಹೆಸರಿಗೆ ಒಂದು, ಒಂದೇ ಬೆರಳಿನಷ್ಟು ದಪ್ಪ ಇಡೋಣ, ಅಣ್ಣನ ಮಾತು ಉಳಿಯುತ್ತದೆ ಎಂದ. ಶಂಕ್ರವ್ವ ಅಪ್ಪನ ಕೆಲಸದ ಮೂಲೆಯಿಂದ ಬೆರಳು ದಪ್ಪದ ಒಂದು ಮರದ ರೀಪು ತಂದು ನೆಲದ ಮೇಲಿಟ್ಟಳು. ಹಲಗೆಬಂಡಿಯಲ್ಲಿ ಹಿಂದೆ ಸರಿದು, ಬಲ ಹಾಕಿ ಮುಂದೆ ಬಂದಳು. ಗಾಲಿ ರೀಪಿಗೆ ತಾಗಿ ನಿಂತಿತು. ಮತ್ತೆ ಹಿಂದೆ ಹೋಗಿ ಬಂದಳು. ಮತ್ತೆ ನಿಂತಿತು. ಮೂರನೆಯ ಸಲ ಬಂಡಿ ನಿಂತಿತು, ಅವಳು ನಿಲ್ಲಲಿಲ್ಲ. ಮುಂದಕ್ಕೆ ಮುಗ್ಗರಿಸಿ ಅಂಗೈಯೂರಿ ಬಿದ್ದಳು.

ಮೌನಪ್ಪ ರೀಪನ್ನು ಎತ್ತಿ ಒಲೆಗೆ ಹಾಕಿದ. ಅವತ್ತೇ ಗೌಂಡಿಯನ್ನು ಕರೆಯಲು ಹೋದ.

ಆ ಗೌಂಡಿಯ ಹೆಸರು ದಾವಲಸಾಬ. ನಲವತ್ತು ವರ್ಷದಿಂದ ಗೋಡೆ ಕಟ್ಟುತ್ತಿದ್ದವನು. ಅವನಿಗೆ ಆಯದ ಹಂಗಿರಲಿಲ್ಲ. ಆದರೆ ಅವನೂ ಮೊದಲು ಬೇಡವೆಂದೇ ಹೇಳಿದ. ಬೀದಿಯ ಮಟ್ಟಕ್ಕೆ ನೆಲ ಇಟ್ಟರೆ ಮಳೆ ಬಂದಾಗ ಬೀದಿಯ ನೀರೆಲ್ಲ ಒಳಗೆ ಬರುತ್ತದೆ, ತಾನು ಕಟ್ಟಿದ ಕೋಣೆಯಲ್ಲಿ ನೀರು ನಿಂತರೆ ತನ್ನ ಹೆಸರು ಹೋಗುತ್ತದೆ ಎಂದ. ಹೊಸ್ತಿಲು ಇಡುವುದು ದೇವರಿಗಷ್ಟೇ ಅಲ್ಲ, ನೀರಿಗೂ ಸಹ ಎಂದ. ಅದು ಸರಿಯಾದ ಮಾತು. ಶಂಕ್ರವ್ವ ಅದನ್ನು ಸರಿಯೆಂದೇ ಒಪ್ಪಿಕೊಂಡಳು. ಯೋಚಿಸಲು ಒಂದು ದಿನ ಕೇಳಿದಳು.

ಮರುದಿನ ಅವಳು ದಾವಲಸಾಬನನ್ನು ಒಳಗೆ ಕರೆದು ಬಚ್ಚಲಿನ ಮುಂದೆ ಕೂರಿಸಿದಳು. ಒಂದು ತಂಬಿಗೆ ನೀರನ್ನು ನೆಲದ ಮೇಲೆ ಹೊಯ್ದಳು. ನೀರು ಹರಿದು ಕಲ್ಲಿನ ಮೋರಿಗೆ ಇಳಿದು ಹೊರಗೆ ಹೋಯಿತು.

"ಕಾಕಾ, ಇಲ್ಲಿ ನೀರನ್ನು ಯಾರೂ ತಡೆಯಲಿಲ್ಲ. ಇಳಿದು ಹೋಗಲು ಬಿಟ್ಟರು, ಅಷ್ಟೇ. ಬಾಗಿಲಿನ ಮುಂದೆಯೂ ಹಾಗೇ ಬಿಡಲು ಆಗುವುದಿಲ್ಲವೇ?"

ದಾವಲಸಾಬ ಸ್ವಲ್ಪ ಹೊತ್ತು ಗಡ್ಡ ಸವರಿಕೊಂಡ. ಆಮೇಲೆ ತನ್ನಷ್ಟಕ್ಕೆ ಮಾತಾಡುತ್ತ ಲೆಕ್ಕ ಹಾಕಿದ. ಬಾಗಿಲಿನ ಅಗಲಕ್ಕಿಂತ ಎರಡು ಗೇಣು ಹೆಚ್ಚು ಉದ್ದದ ಕಾಲುವೆ, ಬಾಗಿಲಿಗೆ ಅಡ್ಡವಾಗಿ. ಅದರ ಮೇಲೆ ಒಂದು ಹಾಸುಗಲ್ಲು. ಕಲ್ಲಿನಲ್ಲಿ ಸೀಳು, ನೀರು ಇಳಿಯುವಷ್ಟು ಅಗಲ, ಗಾಲಿ ಸಿಕ್ಕಿಕೊಳ್ಳದಷ್ಟು ಕಿರಿದು. ಸೀಳು ಗಾಲಿ ಹೋಗುವ ದಾರಿಗೆ ಅಡ್ಡಲಾಗಿರಬೇಕು, ನೇರವಾಗಿದ್ದರೆ ಗಾಲಿ ಇಳಿದುಬಿಡುತ್ತದೆ ಎಂದು ಶಂಕ್ರವ್ವ ಸೇರಿಸಿದಳು. ಕಾಲುವೆ ಬೀದಿಯ ಗಟಾರಕ್ಕೆ ಸೇರಬೇಕು ಎಂದು ಅವನು ಮುಗಿಸಿದ. ಅಂಥ ಕಲ್ಲನ್ನು ತಾನು ಎಲ್ಲೂ ನೋಡಿಲ್ಲ, ಮಾಡಿ ನೋಡುತ್ತೇನೆ ಎಂದು ಒಪ್ಪಿಕೊಂಡ.

ಕೆಲಸ ಶುರುವಾಯಿತು. ದಿಮ್ಮಿಗಳನ್ನು ತೆಗೆದರು, ಹಳೆಯ ಗೋಡೆಯ ಹಿಂದಿನ ತುದಿಯಲ್ಲಿ ದಾರಿ ಒಡೆದರು. ಹಿಂದಿನ ಮೂಲೆಯಲ್ಲಿ ಒಂದು ಮಣ್ಣಿನ ದಿಬ್ಬವಿತ್ತು, ಅದನ್ನು ಕಡಿದು ಸಮ ಮಾಡುವುದೆಂದು ಮಾತಾಗಿತ್ತು. ಎರಡು ಗೇಣು ಮಣ್ಣು ತೆಗೆಯುವಷ್ಟರಲ್ಲಿ ಹಾರೆ ಠಣ್ಣೆಂದಿತು. ಮಣ್ಣೆಲ್ಲ ತೆಗೆದು ನೋಡಿದರೆ ಅದು ದಿಬ್ಬವಲ್ಲ, ಬಂಡೆ. ಕೂತ ಎಮ್ಮೆಯಂತೆ ಕೋಣೆಯ ಕಾಲು ಭಾಗ ಹಿಡಿದುಕೊಂಡಿತ್ತು. ಅದರ ಬುಡ ಹಳೆಯ ಮನೆಯ ಗೋಡೆಯ ಕೆಳಗೆ ಹೋಗಿತ್ತು. ಸಿಡಿಮದ್ದು ಇಟ್ಟರೆ ಬಂಡೆಯ ಜೊತೆಗೆ ಗೋಡೆಯೂ ಬರುತ್ತದೆ, ಆ ಮನೆಗೆ ಅಂಟಿಕೊಂಡೇ ಕಾಳಪ್ಪನ ಮನೆ ಇದೆ. ದಾವಲಸಾಬ ಹಾರೆ ಕೆಳಗಿಟ್ಟ. ಕೋಣೆಯನ್ನು ನಾಲ್ಕು ಮೊಳ ಚಿಕ್ಕದು ಮಾಡೋಣ ಎಂದ. ನಾಲ್ಕು ಮೊಳ ಹೋದರೆ ಇಳಿಜಾರಿಗೆ ಉದ್ದ ಸಾಲುವುದಿಲ್ಲ ಎಂದು ಮೌನಪ್ಪ ಹೇಳಿದ. ಅಂದಿಗೆ ಕೆಲಸ ನಿಂತಿತು.

ಸುದ್ದಿ ಓಣಿಯಲ್ಲಿ ಹಬ್ಬಿತು. ಭೂಮಿಯೇ ಬೇಡವೆಂದಿತು ಎಂದು ಜನ ಮಾತಾಡಿದರು. ಕಾಳಪ್ಪ ತನ್ನ ಜಗಲಿಯಲ್ಲಿ ಕೂತು ಕೇಳಿಸಿಕೊಂಡ.

ಶಂಕ್ರವ್ವ ತನ್ನನ್ನು ಅಲ್ಲಿಗೆ ಕರೆದೊಯ್ಯಲು ಹೇಳಿದಳು. ಗೋಡೆ ಒಡೆದ ಜಾಗದವರೆಗೆ ಬಂಡಿಯಲ್ಲಿ ಬಂದು, ಅಲ್ಲಿಂದ ಬಂಡೆಯ ಮೇಲೆ ತಾನೇ ಇಳಿದಳು. ಬೀಳುತ್ತೀ ಎಂದು ಅಪ್ಪ ಕೂಗಿದ. ಅವಳು ಬಂಡೆಯ ಮೇಲೆಲ್ಲ ಕೈಯೂರಿ ತೆವಳಿದಳು. ಅರ್ಧ ದಿನ ಹಾಗೇ ಕಳೆದಳು. ಗಂಡಸರು ಅದನ್ನು ಎದುರಿಗೆ ನಿಂತು ನೋಡಿದ್ದರು. ಅವಳು ಮೈಯಿಂದ ನೋಡಿದಳು. ಬಂಡೆಯ ನೆತ್ತಿ ಒಡೆದ ಗೋಡೆಯ ಬಾಯಿಗಿಂತ ಒಂದು ಗೇಣು ಕೆಳಗಿತ್ತು. ಅಲ್ಲಿಂದ ಅದು ಬೀದಿಯ ಕಡೆಗೆ ಮೆಲ್ಲಗೆ ಇಳಿದಿತ್ತು.

ಮೇಲೆ ಬಂದು ಅವಳು ಹೇಳಿದಳು: "ಇದನ್ನು ಒಡೆಯುವುದೇಕೆ? ಇಳಿಜಾರಿಗೆ ಎತ್ತರ ಬೇಕಾದದ್ದು ಇಲ್ಲೇ. ಆ ಎತ್ತರವನ್ನು ಕಲ್ಲುಮಣ್ಣು ತುಂಬಿ ಮಾಡಬೇಕೆಂದಿದ್ದಿರಿ. ಅದು ಮೊದಲೇ ಆಗಿದೆ."

ದಾವಲಸಾಬ ಹಗ್ಗ ಹಿಡಿದು ಅಳೆದ. ಅವಳು ಹೇಳಿದ್ದು ಸರಿಯಿತ್ತು. ಬಂಡೆಯ ಮೇಲೆ ಒಂದು ಗೇಣು ಗಾರೆ ಹಾಕಿದರೆ ಇಳಿಜಾರಿನ ಮೇಲ್ತುದಿ ಸಿದ್ಧ. ಆದರೆ ಹೊರಮೂಲೆಯ ಕಡೆ ಬಂಡೆ ಕಡಿದಾಗಿ ಜಾರಿತ್ತು, ಅಲ್ಲಿ ಗೋಡೆ ನಿಲ್ಲುವಂತಿರಲಿಲ್ಲ. ಗೋಡೆಯನ್ನು ಬಂಡೆ ಗಟ್ಟಿಯಾಗಿದ್ದ ಕಡೆ ಓರೆಯಾಗಿ ಏರಿಸಬೇಕಾಯಿತು. ಹಾಗಾಗಿ ಕೋಣೆಗೆ ನಾಲ್ಕನೆಯ ಮೂಲೆ ಬರಲಿಲ್ಲ. ಹಾದು ಹೋಗುವವರು ನಿಂತು ನೋಡಿ, ಮೂಲೆ ಕಡಿದ ಮನೆ ಎಂದು ನಕ್ಕರು. ಅವಳಿಗೆ ನಾಚಿಕೆಯಾಗಲಿಲ್ಲವೇ ಎಂದು ಕಟ್ಟೆಯ ಹೆಂಗಸೊಬ್ಬಳು ಆಮೇಲೆ ಕೇಳಿದಳಂತೆ. ಆಗ ಶಂಕ್ರವ್ವ, ನನ್ನ ಕಾಲು ಹೋದ ಮೇಲೆ ಜನ ನನ್ನನ್ನು ಬಿಟ್ಟು ಬೇರೆ ಏನನ್ನಾದರೂ ನೋಡಿ ನಕ್ಕದ್ದು ಇದೇ ಮೊದಲು ಎಂದಳಂತೆ.

ಕಾರ್ತಿಕದಲ್ಲಿ ಶುರುವಾದ ಕೆಲಸ ರೋಹಿಣಿ ಮಳೆಗೆ ಮೊದಲು ಮುಗಿಯಿತು. ಪ್ರವೇಶಕ್ಕೆ ಕುಲದವರು ಬರಲಿಲ್ಲ. ದಾವಲಸಾಬ ಬಂದ. ಕಟ್ಟೆಯ ಹೆಂಗಸರು ಬಂದರು. ಹೋಳಿಗೆ ಉಳಿಯಿತು. ಮೌನಪ್ಪ ಅಣ್ಣನ ಪಾಲಿನದನ್ನು ಬಾಳೆಲೆಯಲ್ಲಿ ಸುತ್ತಿ ಕಳಿಸಿದ. ಅದು ಹಾಗೆಯೇ ವಾಪಸು ಬಂತು.

ನಾಲ್ಕನೆಯ ದಿನ ಮಳೆ ಹಿಡಿಯಿತು. ಒಂದು ಗಳಿಗೆಯಲ್ಲಿ ಬೀದಿ ಹೊಳೆಯಾಯಿತು. ಬಾಗಿಲ ಮುಂದಿನ ಕಲ್ಲು ನೀರನ್ನು ಗಟಗಟನೆ ಕುಡಿಯಿತು. ಹೊರಗಿನಿಂದ ಒಂದು ಹನಿಯೂ ಒಳಗೆ ಬರಲಿಲ್ಲ. ಮೌನಪ್ಪ ನಗುವುದಕ್ಕೂ ಹಿಂದಿನಿಂದ ನೀರು ಬರುವುದಕ್ಕೂ ಸರಿಹೋಯಿತು. ಹಳೆಯ ಗೋಡೆಯ ಉದ್ದಕ್ಕೂ ಇಳಿದು, ಇಳಿಜಾರಿನ ಮೇಲೆ ಹರಿದು, ಕೋಣೆಯ ತುಂಬ ಹರಡಿತು. ಹೊಲಿದಿಟ್ಟ ಎರಡು ಕೌದಿಗಳು ನೆನೆದು ಕಲ್ಲಿನಷ್ಟು ಭಾರವಾದವು.

ಆಗ ಕಾಳಪ್ಪ ಬಂದ. ಏಳು ತಿಂಗಳ ಮೇಲೆ ಮೊದಲ ಸಲ ಬಂದ. ತಲೆಯ ಮೇಲೆ ಗೋಣಿಕೊಪ್ಪೆ ಹಾಕಿಕೊಂಡು ಬೀದಿಯಲ್ಲೇ ನಿಂತ, ಬಾಗಿಲೊಳಗೆ ಕಾಲಿಡಲಿಲ್ಲ. ಈಗಲಾದರೂ ಆ ಗೋಡೆಯ ಬಾಯಿಯನ್ನು ಮುಚ್ಚಿಸು, ಮೊದಲಿನ ಮನೆಯಾದರೂ ಉಳಿಯಲಿ ಎಂದು ತಮ್ಮನಿಗೆ ಹೇಳಿದ. ಅವನ ದನಿಯಲ್ಲಿ ಕುಹಕವಿರಲಿಲ್ಲ. ಅವನು ನಿಜವಾಗಿ ಹೆದರಿದ್ದ. ಮೌನಪ್ಪ ಗೋಡೆಗೆ ಒರಗಿ ಕೂತುಬಿಟ್ಟ.

ಶಂಕ್ರವ್ವ ನೀರಿನಲ್ಲೇ ಕೂತಿದ್ದಳು. ಸೀರೆ ಸೊಂಟದವರೆಗೆ ನೆನೆದಿತ್ತು. ತಲೆಯೆತ್ತಿ ನೀರು ಎಲ್ಲಿಂದ ಬರುತ್ತಿದೆ ಎಂದು ನೋಡುತ್ತಿದ್ದಳು. ಅಪ್ಪನನ್ನು ಮಾಳಿಗೆ ಹತ್ತಿಸಿದಳು. ಅವನು ಒಂದು ಕೈಯಲ್ಲಿ ಏಣಿ ಹಿಡಿದು ಹತ್ತಿ ನೋಡಿ ಕೂಗಿ ಹೇಳಿದ. ಹಳೆಯ ಮಾಳಿಗೆಯ ನೀರು ಬೀಳುವ ದೋಣಿ ಮೊದಲಿನಿಂದಲೂ ಆ ಖಾಲಿ ಜಾಗದ ಕಡೆಗೇ ಇತ್ತು. ಈಗ ಅಲ್ಲಿ ಖಾಲಿ ಜಾಗವಿಲ್ಲ, ಕೋಣೆಯ ಛಾವಣಿ ಇದೆ. ಇಡೀ ಮನೆಯ ನೀರು ಎರಡು ಛಾವಣಿ ಕೂಡುವ ಸಂದಿಯಲ್ಲಿ ಬೀಳುತ್ತಿತ್ತು. ಇಷ್ಟು ಜನ ಇಷ್ಟು ದಿನ ಇದ್ದರೂ ತಲೆಯ ಮೇಲಿನ ದೋಣಿಯನ್ನು ಯಾರೂ ಎಣಿಸಿರಲಿಲ್ಲ. ಅವಳೂ ಎಣಿಸಿರಲಿಲ್ಲ. ತಪ್ಪು ನನ್ನದು, ನಾನು ನೆಲವನ್ನಷ್ಟೇ ನೋಡಿದೆ ಎಂದಳು. ಕೋಣೆಯನ್ನು ಮುಚ್ಚುವ ಮಾತು ಎತ್ತಲಿಲ್ಲ.

ಮೌನಪ್ಪ ಬೇವಿನ ಒಂದು ಉದ್ದ ದಿಮ್ಮಿ ತೆಗೆದುಕೊಂಡ. ಬಲಗೈ ಏಳುವುದಿಲ್ಲ, ಎಡಗೈಯಲ್ಲಿ ಬಾಚಿಯನ್ನು ಹಿಡಿದು ಕೆತ್ತಿದ. ಹನ್ನೊಂದು ದಿನ ಹಿಡಿಯಿತು. ಅದನ್ನು ಹಳೆಯ ದೋಣಿಯ ಬಾಯಿಗೆ ಕೊಟ್ಟು, ಹೊಸ ಛಾವಣಿಯ ಮೇಲೆ ಹಾಯಿಸಿ, ಬೀದಿಯ ಗಟಾರಕ್ಕೆ ನೀರು ಬೀಳುವಂತೆ ಮಾಡಿದ. ದಾವಲಸಾಬ ಸಂದಿಗೆ ಸುಣ್ಣ, ಬೆಲ್ಲ, ಮರಳು ಅರೆದ ಗಾರೆ ತುಂಬಿದ. ಮೃಗಶಿರಾ ಮಳೆ ಬಂತು. ಆರಿದ್ರಾ ಮಳೆ ಬಂತು. ಕೋಣೆಯ ನೆಲ ಒಣಗಿಯೇ ಇತ್ತು.

ಆದರೂ ಶಂಕ್ರವ್ವ ಬಾಗಿಲು ದಾಟಿರಲಿಲ್ಲ. ಬಾಗಿಲಲ್ಲಿ ಕೂತು ಹೊಲಿಯುತ್ತಿದ್ದಳು. ಕಟ್ಟೆಯ ಹೆಂಗಸರು ಅಲ್ಲಿಗೇ ಬರುತ್ತಿದ್ದರು. ಅಷ್ಟಕ್ಕೇ ಇಷ್ಟೆಲ್ಲ ಮಾಡಿದಳೇ ಎಂದು ಓಣಿಯವರು ಅಂದುಕೊಂಡರು. ಅವಳು ಬೀದಿಯ ಕೆಸರು ಆರುವುದನ್ನು ಕಾಯುತ್ತಿದ್ದಳು.

ಕೆಸರು ಆರಿದ ಮೇಲೆ ಒಂದು ಬೆಳಿಗ್ಗೆ ಮೌನಪ್ಪ ಕೆಲಸದಿಂದ ತಲೆಯೆತ್ತಿ ನೋಡಿದರೆ ಕೋಣೆಯಲ್ಲಿ ಮಗಳಿಲ್ಲ. ಬಾಗಿಲು ತೆರೆದಿತ್ತು. ಸೂಜಿಯನ್ನು ಕೌದಿಗೆ ಚುಚ್ಚಿಟ್ಟಿದ್ದಳು. ಅವನು ಬೀದಿಗೆ ಓಡಿದ. ಬಂಡಿ ಹೋದದ್ದನ್ನು ಕಂಡವರಿದ್ದರು. ಒಬ್ಬರು ಕೆರೆಯ ಕಡೆ ಎಂದರು, ಒಬ್ಬರು ಸಂತೆಯ ಬಯಲಿನ ಕಡೆ ಎಂದರು. ಅವನು ಎರಡೂ ಕಡೆ ಹೋಗಿ ಬಂದ. ಅಣ್ಣನ ಮನೆಯ ಬಾಗಿಲು ಬಡಿದ. ಕಾಳಪ್ಪ ಮಾತು ಬಿಟ್ಟದ್ದನ್ನು ಮರೆತು ಮಕ್ಕಳನ್ನು ಕರೆದುಕೊಂಡು ಹುಡುಕಲು ಹೊರಟ. ಊರೆಲ್ಲ ಸುತ್ತಿದರು. ಸಿಗಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಅವಳು ಬಂದಳು. ಬೀದಿಯ ನಟ್ಟನಡುವೆ ಬಂದಳು. ಗಾಲಿಗಳಿಗೆ ಧೂಳು ಮೆತ್ತಿತ್ತು, ಮುಖಕ್ಕೂ ಮೆತ್ತಿತ್ತು. ಅಂಗೈ ಒಡೆದು ರಕ್ತ ಒಣಗಿತ್ತು. ಬಾಗಿಲಲ್ಲಿ ಅಪ್ಪನೂ ದೊಡ್ಡಪ್ಪನೂ ನಿಂತಿದ್ದರು. ಜನ ಸೇರಿದ್ದರು. ಕಾಳಪ್ಪ ಕೇಳಿದ, ಎಲ್ಲಿಗೆ ಹೋಗಿದ್ದೆ ಎಂದು.

"ಹೋಗಿದ್ದೆ, ದೊಡ್ಡಪ್ಪ. ಬಂದೆ."

ಅಷ್ಟು ಹೇಳಿ ಅವಳು ಅವರಿಬ್ಬರ ನಡುವೆ ಬಂಡಿ ನಡೆಸಿದಳು. ಅವರು ದಾರಿ ಬಿಟ್ಟರು. ಬಂಡಿ ಸೀಳಿನ ಕಲ್ಲಿನ ಮೇಲೆ ಹಾದು ಒಳಗೆ ಹೋಯಿತು.

ಕಾಳಪ್ಪ ಸಾಯುವವರೆಗೂ ಆ ಬಾಗಿಲನ್ನು ಬಳಸಲಿಲ್ಲ. ತಮ್ಮನ ಮನೆಗೆ ಬಂದಾಗ ನಾಲ್ಕು ಮೆಟ್ಟಿಲು ಹತ್ತಿಯೇ ಬರುತ್ತಿದ್ದ. ಕೊನೆಗಾಲದಲ್ಲಿ ಮಂಡಿ ನೋವಿದ್ದರೂ ಹಾಗೆಯೇ ಬರುತ್ತಿದ್ದ. ಶಂಕ್ರವ್ವ ಅವನನ್ನು ಆ ಬಾಗಿಲಿಂದ ಬಾ ಎಂದು ಒಂದು ಸಲವೂ ಕರೆಯಲಿಲ್ಲ. ಹತ್ತಿ ಬಂದವನಿಗೆ ಕುಡಿಯಲು ನೀರು ತಂದು ಕೊಡುತ್ತಿದ್ದಳು.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ಕಾದ. ಇನ್ನೂ ಇದೆ ಎಂದುಕೊಂಡಿದ್ದ. ಗುರುಗಳು ಮುಂದುವರಿಸದಿದ್ದಾಗ ಅವನೇ ಕೇಳಿದ: "ಅವಳು ಆ ದಿನ ಹೋದದ್ದು ಎಲ್ಲಿಗೆ, ಗುರುಗಳೇ? ಅಷ್ಟು ಮುಖ್ಯವಾದ ಕೆಲಸ ಏನಿತ್ತು? ಅದು ತಿಳಿದರೆ ಅವಳದು ಹಟವೋ ಅಲ್ಲವೋ ಎಂದು ಹೇಳಬಹುದು."

ಗುರುಗಳು ಅವನ ಮುಖ ನೋಡಿ ಹೇಳಿದರು: "ಇಂದು ಬೆಳಿಗ್ಗೆ ಈ ಬಾಗಿಲು ದಾಟಿ ಹೋಗುವಾಗ ನಿನ್ನನ್ನು ಯಾರು ಹಾಗೆ ಕೇಳಿದರು?"